ಪೆನ್‌ಡ್ರೈವ್ ಉಂಟಾ?

ಬೆಂದೂರ್‌ವೆಲ್ಲಿನ ಪಬ್ಬಿನ ಮ್ಯಾನೇಜರಿಗೆ
ಮೊದಲು ಕಾಣಬೇಕಾದ್ದು ಲ್ಯಾಪ್‌ಟಾಪು.
ನಾನು ಮೇಜಿನ ಮೇಲೆ ಇಟ್ಟದ್ದು
ಅಮ್ಮನ ಹೊಲಿಗೆ ಮಿಷನ್ನಿನ ಮರದ ಮುಚ್ಚಳ,
ಅದರೊಳಗೆ ಕೂರಿಸಿದ ತಿರುಗುಗುಬ್ಬಿಗಳು, ಸ್ವಿಚ್ಚು,
ಹದಿನಾಲ್ಕು ವಯರು.
"ಎಂತ ಇದು, ಟೆಲಿಫೋನ್ ಎಕ್ಸ್‌ಚೇಂಜಾ?"
ವಾದ್ಯ ಎಂದೆ.
"ಹಾಡು ಎಷ್ಟು ಉಂಟು ಇದರಲ್ಲಿ?"
ಒಂದೂ ಇಲ್ಲ, ಅಲ್ಲೇ ಆಗಲೇ ಹುಟ್ಟಬೇಕು ಎಂದೆ.
ಅವರು ಬಿಲ್ಲಿನ ಹಿಂದೆ ಬರೆದುಕೊಂಡರು:
ಡಿಜೆ ವಿಲ್ಮಾ.
"ಶನಿವಾರ ಖಾಲಿ ಇಲ್ಲ. ಮತ್ತೆ ಹೇಳುವ."

ಈ "ಮತ್ತೆ"ಗೆ ನಮ್ಮೂರಲ್ಲಿ
ಕ್ಯಾಲೆಂಡರು ಅಚ್ಚಾಗಿಲ್ಲ.

ಮೆಹಂದಿಗೆ ಡಿಜೆ, ರೋಸಿಗೆ ಡಿಜೆ,
ಕಾರ್‌ಸ್ಟ್ರೀಟಿನಲ್ಲಿ ಚಪ್ಪಲಿ ಅಂಗಡಿ ತೆರೆದರೂ ಡಿಜೆ,
ಮಗುವಿನ ಮೊದಲ ಬರ್ತ್‌ಡೇಗೂ. ಮಗು ಬೆಚ್ಚಿ ಅಳುತ್ತದೆ,
ಅದೂ ತಾಳ ತಪ್ಪದೆ.
ತಕರಾರಿಲ್ಲ. ಕುಣಿಯುವ ಕಾಲಿನ ಮೇಲೆ ನನಗೇನು ಹಗೆ?
ತಂಗಿಯ ರೋಸಿಗೆ ತೇಜಾಕ್ಷ ಸಾಲ್ಯಾನನ ಮನೆಗೆ ಹೋಗಿ
ಅಡ್ವಾನ್ಸು ಕೊಟ್ಟು ಬಂದವಳು ನಾನೇ.
ಅವನ ಹಾಡು ಬರುವ ಮೊದಲೇ ಎಲ್ಲರಿಗೂ ಗೊತ್ತು.
ನನ್ನದು ಬಂದ ಮೇಲೂ ನನಗೇ ಗೊತ್ತಿಲ್ಲ.
ಕರೆದರೆ ಓಡಿ ಬರುವ ನಾಯಿ ಅವನದು.
ನನ್ನದು ಬೆಕ್ಕು.

ಅಪ್ಪ ಬೋಳಾರದ ಹಂಚಿನ ಕಾರ್ಖಾನೆಯಲ್ಲಿ
ಪ್ರೆಸ್ಸು ನಡೆಸಿದವರು, ಬಾಗಿಲು ಹಾಕುವ ದಿನದವರೆಗೆ.
ರಾತ್ರಿ ನನ್ನ ಕೋಣೆಯ ಹೊರಗೆ ನಿಂತು ಕೇಳುತ್ತಾರೆ.
"ಮೂರನೇ ಪೆಟ್ಟು ಜಾರುತ್ತಾ ಉಂಟು. ಬೆಲ್ಟು ನೋಡು."
ಹೋಗಿ ಮಲಗುತ್ತಾರೆ.
ಆರು ವರ್ಷದಲ್ಲಿ ನನಗೆ ಬಂದ ವಿಮರ್ಶೆ ಅದೊಂದೇ.
ಸರಿಯಾಗಿಯೇ ಇತ್ತು.

ಡಿಸೆಂಬರಿನಲ್ಲಿ ತೇಜಾಕ್ಷನ ಫೋನು, ಕುಳಾಯಿಯಿಂದ:
"ಬಾ ಮಾರಾಯ್ತಿ, ನಾನು ಊಟ ಮಾಡುವಷ್ಟು ಹೊತ್ತು
ನೀನು ಏನಾದ್ರೂ ಮಾಡು."
ಕೋರಿರೊಟ್ಟಿ ಒಬ್ಬ ಮನುಷ್ಯನಿಗೆ ಹನ್ನೊಂದು ನಿಮಿಷ.

ಒಂದು ವಯರು ಚುಚ್ಚಿದೆ. ಕೆಳಗಿನಿಂದ ಒಂದು ಗುಂಯ್
ಅಂಗಳದ ಚಪ್ಪರದ ಕೆಳಗೆ ಹರಡಿತು,
ಬಂದರಿನ ಐಸ್ ಪ್ಲಾಂಟು ನಿದ್ದೆಯಲ್ಲಿ ಮಗ್ಗುಲಾದ ಹಾಗೆ.
ಕುಣಿಯುತ್ತಿದ್ದವರು ಕುರ್ಚಿ ಹುಡುಕಿದರು.
ಬಿಳಿ ಪಂಚೆಯ ಮಾವ ಒಬ್ಬರು ಎದ್ದು ಬಂದು
"ಜನರೇಟರಿನ ಶಬ್ದ ಬಾಕ್ಸಿಗೆ ಬರ್ತಾ ಉಂಟು" ಎಂದರು,
ಪಾಪ, ಸಹಾಯಕ್ಕೆ.
ಮದುಮಗಳ ಕೈ ಇನ್ನೂ ಹಸಿ, ಗಾಳಿಯಲ್ಲಿ ಎತ್ತಿ ಹಿಡಿದು ಕೂತಿದ್ದಳು.
ಕಾಲಿನ ಹೆಬ್ಬೆರಳು ಮಾತ್ರ
ನನ್ನ ಏಳನ್ನು ಏಳೆಂದೇ ಎಣಿಸುತ್ತಿತ್ತು.
ಆಗ ಜರಿಲಂಗದ ಒಂದು ಪುಟ್ಟ ಹುಡುಗಿ
ಹಳದಿ ವಯರು ಕಿತ್ತು ಎಲ್ಲೋ ತುರುಕಿ ಓಡಿದಳು.
ಗುಂಯ್ ಒಡೆಯಿತು. ಒಡೆದ ಜಾಗದಿಂದ
ನಾನು ಯಾವತ್ತೂ ಕೇಳದ ಒಂದು ದನಿ,
ಐದೋ ಆರೋ ಸೆಕೆಂಡು.
ಎಲ್ಲಿ ತುರುಕಿದ್ದಳು?
ಇವತ್ತಿಗೂ ಹುಡುಕುತ್ತಿದ್ದೇನೆ.

ತೇಜಾಕ್ಷ ಕೈ ಒರೆಸುತ್ತಾ ಬಂದ. "ಆಯ್ತಾ?"
ಒಂದು ಗುಂಡಿ ಒತ್ತಿದ. ಅಂಗಳ ಎದ್ದು ನಿಂತಿತು.
ಹತ್ತು ಗಂಟೆಗೆ ಬೀಟಿನ ಪೊಲೀಸು ಬಂದ ಮೇಲೆ
ಇಬ್ಬರದ್ದೂ ಒಂದೇ ಸಂಗೀತ: ಕೇಬಲ್ ಸುತ್ತುವುದು.

ಬಾಕ್ಸು ಹೇರಿದ ಪಿಕಪ್ಪಿನಲ್ಲಿ, ಕೂಳೂರು ಸೇತುವೆಯ ಮೇಲೆ, ಹೇಳಿದ:
"ಆ ಹಾಡು ನನಗೆ ಜ್ವರದಲ್ಲೂ ಕೇಳ್ತದೆ.
ಆದರೆ ಬಾಕ್ಸಿನ ಸಾಲ ಕಟ್ಟುವುದು ಅದೇ ಅಲ್ವಾ."
ನನ್ನ ಕೈಗೆ ಐನೂರು ಇಟ್ಟ. ಬೇಡ ಎನ್ನಲಿಲ್ಲ ನಾನು.
ಹದಿನಾಲ್ಕು ವಯರಿನಲ್ಲಿ ಮೂರು ಬದಲಿಸಬೇಕಿತ್ತು.

ಮೊನ್ನೆ ಬೆಂದೂರ್‌ವೆಲ್ಲಿನಿಂದ ಫೋನು.
ಒಂದು ಮಂಗಳವಾರ ಖಾಲಿ ಉಂಟಂತೆ,
ಸಂಜೆ ಆರಕ್ಕೆ, ಹುಡುಗರು ಟೇಬಲ್ ಒರೆಸುವ ಹೊತ್ತು.
"ಪೆನ್‌ಡ್ರೈವ್ ಉಂಟಾ?"
ಉಂಟು ಎಂದೆ.
ಅದರಲ್ಲಿ ಏನೂ ಇಲ್ಲ.